ತುಕ್ಕಿನ ಮೇಲೆ ಬಳಿದ ಬೆಳ್ಳಿ ಬಣ್ಣ

ಹೇಳಿಕೆ ಕೊಟ್ಟವರು: ಉರಿಯಂ, ತಂದೆಯ ಹೆಸರು ತೆರಾಕ. ವಯಸ್ಸು 54. ಹಿಂದೆ ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ, ಈಗ ಮೀನುಗಾರಿಕೆ ಮತ್ತು ಬಾಡಿಗೆ ಕಾರು. ವಾಸ: ಬಿಕೆನಿಬೆವು, ದಕ್ಷಿಣ ತರಾವಾ, ಕಿರಿಬಾಸ್.

ಬರೆದುಕೊಂಡವರು: ಸಾರ್ಜೆಂಟ್ ತೊವಾತು.

ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಬರೆಸುತ್ತಿರುವುದೇನೆಂದರೆ, ನಾನು ಮೇಲ್ಕಂಡ ಊರಿನಲ್ಲಿ ಹೆಂಡತಿ ಬೆನೆತಾ ಮತ್ತು ಮಗಳು ಮಕೆರೀತ, ವಯಸ್ಸು 23, ಇವರೊಂದಿಗೆ ವಾಸವಾಗಿರುತ್ತೇನೆ. ನಮ್ಮಲ್ಲಿ ಜಪಾನಿನಿಂದ ಬಂದ ಬಿಳಿ ಬಣ್ಣದ ಹಳೆಯ ಕಾರೊಂದಿದೆ. ಅದನ್ನು ಬಾಡಿಗೆಗೆ ಓಡಿಸುವುದು ಮಕೆರೀತ. ನಮ್ಮ ಊರಿನಲ್ಲಿ ಬಾಡಿಗೆ ಗಾಡಿಯ ಪರವಾನಗಿ ಪಡೆದ ಹೆಣ್ಣುಮಗಳು ಅವಳೊಬ್ಬಳೇ. ಶುಕ್ರವಾರದ ಅಪಘಾತಕ್ಕೆ ಅವಳ ಅಡ್ಡಾದಿಡ್ಡಿ ಚಾಲನೆಯೇ ಕಾರಣವೆಂದು ಈ ಠಾಣೆಯಲ್ಲಿ ಬರೆದಿಟ್ಟಿದ್ದಾರೆ. ಅದು ಸುಳ್ಳು. ಹಾಗೆಯೇ ಬಿಟ್ಟರೆ ಅವಳ ಪರವಾನಗಿ ಹೋಗುತ್ತದೆ, ಅಂಬೊ ಊರಿನ ಎರಿತಾಯಿ ಅಜ್ಜನ ಕಾಲು ಮುರಿದವಳು ಎಂಬ ಹೆಸರೂ ಜನ್ಮಪೂರ್ತಿ ಉಳಿಯುತ್ತದೆ. ಅದಕ್ಕಾಗಿ ಬಂದಿದ್ದೇನೆ.

ನಾನು ಹದಿನೆಂಟು ವರ್ಷ ಜರ್ಮನ್ ಹಡಗುಗಳಲ್ಲಿ ದುಡಿದವನು. ಅಲ್ಲಿ ನನ್ನ ಅರ್ಧ ಆಯುಷ್ಯ ತುಕ್ಕು ಕೆರೆಯುವುದರಲ್ಲೇ ಹೋಯಿತು. ತುಕ್ಕನ್ನು ಕೆರೆದು ತೆಗೆಯಬೇಕು, ಮುಚ್ಚಿಡಬಾರದು. ಮೈಗಳ್ಳನೊಬ್ಬ ತುಕ್ಕಿನ ಮೇಲೇ ಬಣ್ಣ ಬಳಿದದ್ದು ಗೊತ್ತಾದರೆ ಆ ದಿನ ಅವನ ಪಕ್ಕ ಕೂತು ಯಾರೂ ಊಟ ಮಾಡುತ್ತಿರಲಿಲ್ಲ. ನನಗೂ ಆ ಹೇಸಿಗೆ ಅಂಟಿಕೊಂಡುಬಿಟ್ಟಿದೆ, ಹಡಗು ಬಿಟ್ಟರೂ ಬಿಟ್ಟಿಲ್ಲ.

ಪ್ರತಿ ಶನಿವಾರ ನಾನು ಮತ್ತು ಮಕೆರೀತ ಕಾರಿನ ಚಕ್ರಗಳನ್ನು ಒಂದೊಂದಾಗಿ ಬಿಚ್ಚುತ್ತೇವೆ. ಚಕ್ರ ಬಂದು ಕೂರುವ ಹಬ್‌ಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಬಿಡುತ್ತೇವೆ. ಬಾವಿಯ ನೀರು ಉಪ್ಪು, ಅದರಲ್ಲಿ ತೊಳೆಯುವುದೂ ಒಂದೇ ಬಿಡುವುದೂ ಒಂದೇ. ಆದ್ದರಿಂದ ಮಳೆನೀರಿನ ತೊಟ್ಟಿಯಿಂದ ಒಂದು ಬಕೆಟ್ ತೆಗೆಯುತ್ತೇವೆ. ಆಮೇಲೆ ನ್ಯೂಜಿಲೆಂಡಿನಿಂದ ಬಂದ ಕುರಿ ಉಣ್ಣೆಯ ಜಿಡ್ಡನ್ನು ಹಬ್‌ನ ನಡುವಿನ ಗುಬುಟಿಗೆ ಮಾತ್ರ, ಬೆರಳ ತುದಿಯಷ್ಟು ಸವರುತ್ತೇವೆ. ಚಕ್ರ ಒತ್ತಿ ಕೂರುವ ಮುಖಕ್ಕೆ ಏನನ್ನೂ ಹಚ್ಚುವುದಿಲ್ಲ. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ತಾಗಬೇಕು. ನಡುವೆ ಏನಾದರೂ ಮೆತ್ತಗಿನದು ಸೇರಿಕೊಂಡರೆ ಗಾಡಿ ಓಡುತ್ತಾ ಓಡುತ್ತಾ ಅದು ಅಮುಕಿಹೋಗಿ ತೆಳ್ಳಗಾಗುತ್ತದೆ, ನಟ್ಟಿನ ಬಿಗಿ ಹೋಗುತ್ತದೆ. ಇಷ್ಟೆಲ್ಲ ಬೇಡ ಎಂದು ಸಾರ್ಜೆಂಟರು ಹೇಳಿದರು. ಬೇಕು, ಇದೇ ಮುಖ್ಯ, ಬರೆದುಕೊಳ್ಳಿ ಎಂದು ನಾನು ಹೇಳಿದೆ.

ದಿನಾಂಕ 3-3-2019ರ ಭಾನುವಾರ ಪೂಜೆ ಮುಗಿಸಿ ಎಲ್ಲರೂ ಊರಿನ ಸಭೆಮನೆಯಲ್ಲಿ ಕೂತಿದ್ದೆವು. ನನ್ನ ಹೆಂಡತಿಯ ತಮ್ಮ ಕಬುರೊರೊ, ವಯಸ್ಸು 41, ವಾಸ ಏಯಿತ, ನನ್ನ ಮುಂದೆ ಬಂದು ಕೂತು, "ಭಾವ, ಒಂದು ಬುಬುಸಿ. ನಿನ್ನ ಗಾಡಿ ಬೇಕು" ಎಂದನು. ಬುಬುಸಿ ಎಂದು ಬಾಯಿಬಿಟ್ಟು ಕೇಳಿದ ನೆಂಟನಿಗೆ ನಮ್ಮಲ್ಲಿ ಇಲ್ಲ ಎನ್ನುವಂತಿಲ್ಲ. ಅಂದವನ ಚಾಪೆಯ ಪಕ್ಕ ಆಮೇಲೆ ಸಭೆಮನೆಯಲ್ಲಿ ಯಾರೂ ಚಾಪೆ ಹಾಸುವುದಿಲ್ಲ. ಇದು ಸಾರ್ಜೆಂಟರಿಗೂ ಗೊತ್ತು. ಇದೇ ಕಬುರೊರೊ ಹೀಗೆ ಕೇಳಿಯೇ ನನ್ನ ಬಲೆ, ನನ್ನ ಸೈಕಲ್ಲು, ಮಕೆರೀತಳ ಮೊದಲ ಹುಟ್ಟುಹಬ್ಬಕ್ಕೆಂದು ಸಾಕಿದ್ದ ಹಂದಿ ಎಲ್ಲವನ್ನೂ ಒಯ್ದಿದ್ದಾನೆ. ಸೈಕಲ್ಲು ಮಾತ್ರ ವಾಪಸ್ಸು ಬಂತು, ಅದೂ ಸೀಟಿಲ್ಲದೆ.

ಎಷ್ಟು ದಿನಕ್ಕೆ ಎಂದು ಕೇಳಹೊರಟಾಗ ನನ್ನ ಹೆಂಡತಿ ಹಿಂದಿನಿಂದ ಚಿವುಟಿದಳು. ಆದರೂ ನಾನು, "ಕೊಡ್ತೀನಿ. ಆದ್ರೆ ನೀರಿಗಿಳಿಸಬೇಡ ಕಣೋ, ಹಬ್‌ಗೆ ಉಪ್ಪು ತಾಗಿದ್ರೆ ಮುಗೀತು" ಎಂದು ಎಚ್ಚರಿಸಿದೆ. ಅದಕ್ಕೆ ಅವನು, "ಅಯ್ಯೋ ಭಾವ, ನಿನ್ನ ಗಾಡೀನ ಮದುವಣಗಿತ್ತಿ ಥರ ನೋಡ್ಕೋತೀನಿ, ಬಿಸಿಲಿಗೆ ಛತ್ರಿ ಹಿಡೀಲಾ?" ಎಂದನು. ಕೂತಿದ್ದವರೆಲ್ಲ ನಕ್ಕರು. ಮಾರನೆಯ ದಿನ ಬೆಳಿಗ್ಗೆ ಬೀಗದ ಕೈ ಕೊಟ್ಟೆನು. ಬುಧವಾರ ನಾನು ಮನೆಯ ಸೂರಿಗೆ ಬೇಕಾದ ಗರಿ ತರಲು ದೋಣಿಯಲ್ಲಿ ಅಬಾಯಾಂಗ್ ದ್ವೀಪಕ್ಕೆ ಹೋದೆನು.

ಕಾರು ವಾಪಸ್ಸು ಬಂದದ್ದು 14-3-2019ರ ಗುರುವಾರ ಸಂಜೆ. ನಾನು ಇನ್ನೂ ಅಬಾಯಾಂಗಿನಲ್ಲೇ ಇದ್ದೆ. ಒಳಗಿನಿಂದ ಬಂದ ವಾಸನೆಗೆ ನನ್ನ ಹೆಂಡತಿ ಉಟ್ಟ ಬಟ್ಟೆಯ ತುದಿ ಮೂಗಿಗೆ ಹಿಡಿದಳಂತೆ. ಹಿಂದಿನ ಸೀಟಿನಲ್ಲಿ ಹಂದಿಯ ಹೇಲು ಒಣಗಿತ್ತು, ಸೀಟಿನ ಸಂದಿಯಲ್ಲಿ ಮೀನಿನ ಕರುಳಿತ್ತು. ಮಕೆರೀತ ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನೆಲ್ಲ ತೊಳೆದಳು. ಸೋದರಮಾವನಿಗೆ ಎದುರಾಡಿ ಅಭ್ಯಾಸವಿಲ್ಲದ ಹುಡುಗಿ. ಚಕ್ರಗಳ ನಡುಭಾಗ ಬೆಳ್ಳಿಯಂತೆ ಹೊಳೆಯುವುದನ್ನು ಕಂಡು ಏನಿದು ಎಂದು ಕೇಳಿದ್ದಕ್ಕೆ ಕಬುರೊರೊ, "ನಿಮ್ಮಪ್ಪನಿಗೆ ಉಡುಗೊರೆ" ಎಂದನಂತೆ.

15-3-2019ರ ಶುಕ್ರವಾರ ಬೆಳಿಗ್ಗೆ ಮಕೆರೀತ ನಾನು ಕಲಿಸಿದಂತೆ ಸ್ಪ್ಯಾನರ್ ಹಾಕಿ ನಾಲ್ಕೂ ಚಕ್ರದ ನಟ್ಟುಗಳನ್ನು ತಿರುಗಿಸಿ ನೋಡಿದಳು. ಒಂದೂ ಅಲ್ಲಾಡಲಿಲ್ಲ, ಬಿಗಿಯಾಗಿವೆ ಅಂದುಕೊಂಡಳು. ಸುಮಾರು 7.30ಕ್ಕೆ ಮೂವರು ಹೆಂಗಸರನ್ನು ಕೂರಿಸಿಕೊಂಡು ಬಾಯಿರಿಕಿಗೆ ಹೊರಟಳು. ಅಂಬೊ ಊರಿನ ಹತ್ತಿರ ಸ್ಟೀರಿಂಗ್ ನಡುಗಿತು. ಕೂಡಲೇ ನಿಧಾನ ಮಾಡಿದಳು. ಹಿಂದೆ ಕೂತಿದ್ದ ಹೆಂಗಸರೂ, ಆಗ ಗಾಡಿ ಸೈಕಲ್ಲಿನ ವೇಗಕ್ಕೆ ಇಳಿದಿತ್ತು ಎಂದು ಹೇಳುತ್ತಾರೆ, ಅವರನ್ನೂ ಕೇಳಿ. ಅಷ್ಟರಲ್ಲಿ ಮುಂದಿನ ಎಡಚಕ್ರ ಕಳಚಿಕೊಂಡು ಕಾರಿಗಿಂತ ಮುಂದೆ ಓಡಿತು. ರಸ್ತೆಯಿಂದ ಸುಮಾರು 12 ಮೀಟರ್ ದೂರದಲ್ಲಿ ಎರಿತಾಯಿ ಅಜ್ಜ, ವಯಸ್ಸು 71, ತಮ್ಮ ಮನೆಯ ಮುಂದಿನ ಅಟ್ಟಣೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ಚಕ್ರ ಹೋಗಿ ಅವರ ಬಲಗಾಲಿಗೆ ಬಡಿಯಿತು. ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿದೆ.

ಆಗ ಓಡಿ ಬಂದವರಲ್ಲಿ ಕಬುರೊರೊನೂ ಇದ್ದನು. ಅಜ್ಜನನ್ನು ಎತ್ತುವುದು ಬಿಟ್ಟು ನೆರೆದ ಜನರಿಗೆಲ್ಲ ಕೇಳುವಂತೆ, "ನಾನು ಅವತ್ತೇ ಹೇಳಿದ್ದೆ, ಈ ಹುಡುಗಿ ರಸ್ತೆ ಉಬ್ಬಿನ ಮೇಲೆ ಗಾಡಿ ಹಾರಿಸ್ತಾಳೆ ಅಂತ. ಹೆಣ್ಮಕ್ಕಳಿಗೆ ಯಾಕೆ ಬೇಕಿತ್ತು ಇದೆಲ್ಲ?" ಎಂದನು. ಆಗ ಠಾಣೆಯವರು ಬರೆದುಕೊಂಡದ್ದು ಇದನ್ನೇ. ಮಕೆರೀತ ಅಟ್ಟಣೆಯ ಬಳಿ ನೆಲದ ಮೇಲೆ ಕೂತು ಅಜ್ಜನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು, ಮಾವನ ಮಾತಿಗೆ ಬಾಯಿ ತೆರೆಯಲಿಲ್ಲ.

ಶನಿವಾರ ಮಧ್ಯಾಹ್ನ ನಾನು ದೋಣಿಯಿಂದ ಇಳಿದಾಗ ದಡದಲ್ಲೇ ಸುದ್ದಿ ತಿಳಿಯಿತು. ತಂದ ಗರಿಗಳನ್ನು ಅಲ್ಲೇ ಬಿಟ್ಟು ಬಂದೆ. ಕಾರು ಠಾಣೆಯ ಅಂಗಳದಲ್ಲಿತ್ತು. ಸಾರ್ಜೆಂಟರ ಎದುರಿಗೆ, ಮಕೆರೀತ ಮತ್ತು ಕಬುರೊರೊ ಇಬ್ಬರೂ ಇರುವಾಗಲೇ, ಜ್ಯಾಕು ಹಾಕಿ ಉಳಿದ ಮೂರು ಚಕ್ರ ಬಿಚ್ಚಿದೆನು. ಬಲಗಡೆಯ ಮುಂದಿನ ಚಕ್ರದಲ್ಲಿ ಎರಡು ನಟ್ಟು ಬೆರಳಿಗೇ ಬಿಚ್ಚಿಕೊಂಡವು. ಅದನ್ನು ಸಾರ್ಜೆಂಟರೂ ತಿರುಗಿಸಿ ನೋಡಿದ್ದಾರೆ.

ಒಳಗೆ ಕಂಡದ್ದನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಬೇಕು. ಚರ್ಚಿನ ಗೇಟಿಗೆ ಹಚ್ಚಿ ಉಳಿದ ಬೆಳ್ಳಿ ಬಣ್ಣವನ್ನು ಹಬ್‌ಗಳಿಗೆ ದಪ್ಪಗೆ ಬಳಿದಿದ್ದರು. ಚಕ್ರ ಕೂರುವ ಮುಖ, ಬೋಲ್ಟು, ಬೋಲ್ಟಿನಲ್ಲಿ ನಟ್ಟು ತಿರುಗುವ ಮರೆ, ಏನನ್ನೂ ಬಿಟ್ಟಿರಲಿಲ್ಲ. ಬಣ್ಣದೊಳಗೆ ಮರಳಿತ್ತು, ಹಂದಿಯ ಕೂದಲಿತ್ತು, ರೆಕ್ಕೆ ಬಿಚ್ಚಿಕೊಂಡು ಸತ್ತ ನೊಣವೊಂದಿತ್ತು. ಉಗುರಿನಿಂದ ಒತ್ತಿದರೆ ಒಳಗೆ ಇನ್ನೂ ಹಸಿ. ಕೆರೆದೆ, ಚರ್ಮದಂತೆ ಸುಲಿದು ಬಂತು. ಅದರ ಅಡಿಯಲ್ಲಿ ಕೆಂಪಗೆ, ಒದ್ದೆಯಾಗಿ, ಹುಣ್ಣಿನ ಹಾಗೆ ತುಕ್ಕು. ನನಗೆ ನಿಜವಾಗಿ ವಾಕರಿಕೆ ಬಂತು. ಹನ್ನೊಂದು ವರ್ಷ ನನ್ನ ಕೈಯಾರೆ ಕಾಪಾಡಿದ ಕಬ್ಬಿಣ ಅದು. ಇದನ್ನೂ ಬರೆಯಬೇಕೇ ಎಂದು ಸಾರ್ಜೆಂಟರು ಕೇಳಿದರು. ನೊಣವನ್ನೂ ಬರೆಯಿರಿ ಎಂದೆ.

ನಾನು ಕಬುರೊರೊನನ್ನು ಇದೇನೋ ಎಂದು ಕೇಳಿದೆ. ಅವನು, "ದೋಣಿ ಎಳೆಯೋಕೆ ಅಂತ ಸ್ವಲ್ಪ ನೀರಿಗಿಳಿಸಿದ್ದೆ ಭಾವ. ಎರಡೇ ದಿನಕ್ಕೆ ಕೆಂಪಗಾಗ್ಬಿಡ್ತು. ನೀನು ಬಯ್ತೀಯ ಅಂತ ಚೆಂದ ಮಾಡ್ಕೊಟ್ಟೆ" ಎಂದನು. ಮೊದಲು ಕೆರೆದೆಯಾ ಎಂದು ಕೇಳಿದ್ದಕ್ಕೆ, "ಬಣ್ಣ ಇತ್ತಲ್ಲ, ಕೆರೆಯೋದ್ಯಾಕೆ?" ಎಂದನು. ಒಣಗಲು ಬಿಟ್ಟೆಯಾ ಎಂದದ್ದಕ್ಕೆ, ಮೇಲೆ ಒಣಗಿತ್ತು ಎಂದನು. ಚಕ್ರ ಕೂರುವ ಜಾಗಕ್ಕೂ ಯಾಕೆ ಬಳಿದೆ ಎಂದು ಕೇಳಿದೆ. "ಅರ್ಧ ಬಳಿದು ಅರ್ಧ ಬಿಟ್ರೆ ನೋಡಿದೋರು ಏನಂತಾರೆ ಭಾವ?" ಎಂದನು.

ಆಗ ಮಕೆರೀತ ಮೊದಲ ಸಲ ಬಾಯಿ ಬಿಟ್ಟು, "ಚಕ್ರದ ಹಿಂದೆ ತಲೆ ತೂರಿಸಿ ನೋಡೋರು ಯಾರು ಮಾವ?" ಎಂದಳು.

ಬೋಲ್ಟಿನ ಮರೆಗೆ ಬಣ್ಣ ಮೆತ್ತಿಕೊಂಡದ್ದರಿಂದ ನಟ್ಟುಗಳು ಅಲ್ಲಲ್ಲೇ ಅಂಟಿಕೊಂಡು ಬಿಗಿಯಾದಂತೆ ನಟಿಸಿವೆ. ಶುಕ್ರವಾರ ನನ್ನ ಮಗಳಿಗೆ ಮೋಸವಾದದ್ದು ಹೀಗೆ. ಗಾಡಿ ಓಡಿದಾಗ ಹಬ್ ಮತ್ತು ಚಕ್ರದ ನಡುವಿನ ಹಸಿ ಬಣ್ಣ ಅಮುಕಿಹೋಗಿ ಹೊರಬಂದಿದೆ, ಬಿಗಿ ಸಡಿಲಗೊಂಡಿದೆ, ಚಕ್ರ ಕಳಚಿದೆ. ತುಕ್ಕನ್ನು ಹಾಗೇ ಬಿಟ್ಟು ಗಾಡಿ ಕೊಟ್ಟಿದ್ದರೆ ನಾನು ನಾಲ್ಕು ಬೈಗುಳ ಬೈದು ಬ್ರಷ್ ಹಿಡಿಯುತ್ತಿದ್ದೆ. ತುಕ್ಕು ಯಾರ ಕಾಲನ್ನೂ ಮುರಿಯುತ್ತಿರಲಿಲ್ಲ. ಈ ಮನುಷ್ಯನಿಗೆ ಮುಖ ಉಳಿಸಿಕೊಳ್ಳಬೇಕಿತ್ತು, ಅದಕ್ಕೆ ಬಳಿದ. ಆಮೇಲೆ ಅದೇ ಮುಖಕ್ಕಾಗಿ ಅಕ್ಕನ ಮಗಳ ಮೇಲೆ ತಪ್ಪು ಹೊರಿಸಿದ. ನನಗೆ ಹಬ್ ನೋಡಿದಾಗ ಬಂದ ವಾಕರಿಕೆಗಿಂತ ಹೆಚ್ಚಿನದು ಇದನ್ನು ಕೇಳಿದಾಗ ಬಂತು.

ಇಂದು 18-3-2019ರ ಸೋಮವಾರ ಬೆಳಿಗ್ಗೆ 10ಕ್ಕೆ ಈ ಹೇಳಿಕೆ ಬರೆಸಲು ಕೂತೆನು. ಇಷ್ಟು ಬರೆಸಿದ ಹೊತ್ತಿಗೆ ಕಬುರೊರೊ ನನ್ನ ಹೆಂಡತಿಯನ್ನು ಕರೆದುಕೊಂಡು ಠಾಣೆಯೊಳಗೆ ಬಂದನು. ಸ್ನಾನ ಮಾಡಿ, ಎಣ್ಣೆ ಹಚ್ಚಿ, ಭಾನುವಾರದ ಅಂಗಿ ಹಾಕಿಕೊಂಡಿದ್ದನು. ನೆಲದ ಮೇಲೆ ನನ್ನ ಮುಂದೆ ಕೂತು, "ಭಾವ, ಬುಬುಸಿ. ಈಗ ಬರೆಸಿದ್ಯಲ್ಲ, ಆ ಹೇಳಿಕೆ ನನಗೆ ಕೊಟ್ಬಿಡು" ಎಂದನು. ಸಾರ್ಜೆಂಟರು ಪೆನ್ನು ಕೆಳಗಿಟ್ಟು ಕಿಟಕಿಯ ಹೊರಗೆ ನೋಡಿದರು. ಅವರೂ ಈ ದ್ವೀಪದವರೇ, ಅವರ ತಪ್ಪಿಲ್ಲ.

ನಾನು ಹೆಂಡತಿಯ ಮುಖ ನೋಡಿದೆ. ಅವಳು ತಲೆ ತಗ್ಗಿಸಿ, "ಅವನು ಕೇಳಿಬಿಟ್ಟ" ಎಂದಷ್ಟೇ ಹೇಳಿದಳು. ಮಕೆರೀತ ಬಾಗಿಲ ಬಳಿಯ ಬೆಂಚಿನಲ್ಲಿದ್ದಳು. "ಕೊಟ್ಬಿಡಪ್ಪ, ಪರವಾಗಿಲ್ಲ, ನಾನು ಬೇರೆ ಏನಾದ್ರೂ ಕೆಲಸ ಹುಡುಕ್ತೀನಿ" ಎಂದಳು. ನಾವು ಅವಳನ್ನು ಬೆಳೆಸಿದ್ದು ಹಾಗೆ.

ನಾನು ಕಬುರೊರೊನಿಗೆ ಇಲ್ಲ ಎಂದೆನು.

ಅವನಿಗೆ ಅರ್ಥವಾಗಲಿಲ್ಲ. "ಏನಂದೆ?" ಎಂದು ಕೇಳಿದನು. ಇಲ್ಲ, ಕೊಡುವುದಿಲ್ಲ ಎಂದು ಮತ್ತೆ ಹೇಳಿದೆ. ನನ್ನ ವಂಶದಲ್ಲಿ ಬುಬುಸಿಗೆ ಈ ಮಾತು ಹೇಳಿದವರು ಯಾರೂ ಇಲ್ಲ. ಕಬುರೊರೊ ಎದ್ದು ನಿಂತು, "ನಾಳೆಯಿಂದ ಸಭೆಮನೆಯಲ್ಲಿ ನಿನ್ನ ಚಾಪೆ ಎಲ್ಲಿ ಹಾಸ್ತೀಯ ಅಂತ ನಾನೂ ನೋಡ್ತೀನಿ" ಎಂದು ಹೇಳಿ ಹೊರಟುಹೋದನು. ನನ್ನ ಹೆಂಡತಿ ಅವನ ಹಿಂದೆ ಎದ್ದು ಹೋದಳು. ಠಾಣೆಯ ಮುಂದಿನ ರಸ್ತೆಯಲ್ಲಿ ನಿಂತಿದ್ದಾಳೆ. ಎಡಕ್ಕೆ ಹೋದರೆ ತಮ್ಮನ ಮನೆ, ಬಲಕ್ಕೆ ಹೋದರೆ ನಮ್ಮದು. ಇದನ್ನು ಬರೆಸುವ ಹೊತ್ತಿನವರೆಗೂ ಅವಳು ಯಾವ ಕಡೆಗೂ ಹೋಗಿಲ್ಲ.

ಸಾರ್ಜೆಂಟರು ಇನ್ನೊಮ್ಮೆ ಯೋಚಿಸಲು ಹೇಳಿದರು. ಯೋಚಿಸಿದ್ದೇನೆ. ಮೇಲೆ ಬರೆದಿರುವುದೆಲ್ಲ ನನ್ನ ಬಾಯಿಂದಲೇ ಬಂದದ್ದು, ಓದಿ ಹೇಳಿದ್ದನ್ನು ಕೇಳಿದ್ದೇನೆ, ನನಗೆ ತಿಳಿದಂತೆ ನಿಜವಾಗಿದೆ. ಈ ಹೇಳಿಕೆ ಮಕೆರೀತಳ ಸಲುವಾಗಿ ಠಾಣೆಯಲ್ಲೇ ಇರತಕ್ಕದ್ದು. ಯಾವ ನೆಂಟ ಬಂದು ಯಾವ ಮಾತಿನಲ್ಲಿ ಕೇಳಿದರೂ, ನಾನೇ ಬಂದು ಕೇಳಿದರೂ, ವಾಪಸ್ಸು ಕೊಡಬಾರದೆಂದು ಬರೆಸಿ ಸಹಿ ಮಾಡಿರುತ್ತೇನೆ.

ಸ್ಥಳ: ಬಿಕೆನಿಬೆವು
ದಿನಾಂಕ: 18-3-2019

(ಸಹಿ) ಉರಿಯಂ ತೆರಾಕ