ಬೇರೆ ಇಟ್ಟ ತಾಟು

ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ವಾರಗಿತ್ತಿಯರು ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದರು. ಊರಿನ ಆರೋಗ್ಯ ಶಿಬಿರದಲ್ಲಿ ಗರ್ಭಕೋಶದ ಬಾಯಿ ಪರೀಕ್ಷಿಸಿದ ಡಾಕ್ಟರಮ್ಮ ಕಿರಿಯವಳಾದ ಹಾಲಮ್ಮನಿಗೆ ಅಲ್ಲಿನ ದೊಡ್ಡಾಸ್ಪತ್ರೆಗೆ ಹೋಗಲು ಹೇಳಿದ್ದರು.

“ಹಾಲಮ್ಮ, ಮನ್ಯಾಗ ನಿನ್ನ ತಾಟು ಯಾಕ ಬ್ಯಾರೆ ಇಟ್ಟೀದಿ?”

“ಕ್ಯಾನ್ಸರ್ ಮೊಮ್ಮಕ್ಕಳಿಗೆ ಅಂಟಿದ್ರ, ಅಕ್ಕಾ?”

“ಅದು ಅಂಟಂಗಿಲ್ಲ. ಕ್ಯಾನ್ಸರ್ ಅಂತ ಯಾರೂ ಅಂದಿಲ್ಲ. ಬೆಳ್ಳನ ಕಲೆ ಕಂಡೈತಿ, ಇನ್ನೊಮ್ಮೆ ನೋಡಬೇಕಂದಾರ.”

“ನೋಡಿ, ಅದೇ ಐತಿ ಅಂದ್ರ? ನಾ ಬರಂಗಿಲ್ಲ. ಗೊತ್ತಿಲ್ದಂಗ ಇದ್ದುಬಿಡ್ತೀನಿ.”

“ಗೊತ್ತಿಲ್ದಂಗ ಎಲ್ಲಿದ್ದೀ? ರೇಷ್ಮಿ ಸೀರಿ ಮಗಳಿಗೆ, ಕಿವ್ಯಾಗಿನ ಬೆಂಡೋಲಿ ಸೊಸಿಗೆ ಅಂತ ಆಗಲೇ ಹಂಚೀದಿ. ನನಗ ಏನೂ ಇಲ್ಲ.”

“ನಿನಗ ಆ ತಾಟು ಐತಲ್ಲ.”

ಇಬ್ಬರೂ ನಕ್ಕರು. ಬಸ್ಸು ಬಂತು, ಜನ ಮುಗಿಬಿದ್ದರು.

“ಏಳ್ಲೇ, ಸಾಯಾಕತ್ತೀನಿ ಅಂದ್ರೂ ಇಲ್ಲಿ ಯಾರೂ ಸೀಟು ಬಿಡಂಗಿಲ್ಲ.”

ಹಾಲಮ್ಮ ಓಡಿಹೋಗಿ ಕಿಟಕಿಯೊಳಗೆ ಚೀಲ ಎಸೆದು ಎರಡು ಸೀಟು ಹಿಡಿದಳು.