ಭಾನುವಾರದ ಫೋನು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಗೆ, ಪಕ್ಕದ ಬೆಂಚಿನ ಅಕ್ಕ-ತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಸುವಾರ್ತೆ ಸಾರೋಕೆ ಪರದೇಶಕ್ಕೆ ಕಳಿಸಿದ ಮಿಷನ್ನಿನವರು ನನ್ನ ಮಗನಿಗೆ ಫೋನ್ ಕೊಡೋದೇ ಭಾನುವಾರ ಕಣಕ್ಕ. ಅವನಿಗೋಸ್ಕರ ಪ್ರಾರ್ಥನೆಗೆ ಕೂತು ನಾನೇ ಫೋನ್ ಆಫ್ ಮಾಡಿಟ್ಟಿದ್ದೆ ನೋಡು!"

"ನನಗೆ ಮಾಡಿದ್ದ ಬಿಡು. ಮನೆಮನೆಗೆ ಹೋಗಿ ತಟ್ಟಿದರೆ ಆ ದೇಶದ ಜನ ಬಾಗಿಲು ತೆಗೆದು ಸುವಾರ್ತೆ ಕೇಳ್ತಾರಂತೆ."

"ಎಲ್ಲರೂ?"

"ಎಲ್ಲರೂನಂತೆ. ಒಬ್ಬ ಅಜ್ಜಿಯಂತೂ ಒಳಗೇ ಕರೆದಳಂತೆ."

"ಸುವಾರ್ತೆ ಕೇಳೋಕಾ?"

"ಅಟ್ಟ ಗುಡಿಸೋಕೆ. ವಾರವೆಲ್ಲ ಅಲ್ಲೇ ಕೆಲಸ ಮಾಡಿದ್ನಂತೆ."

"ಮನೇಲಿ ಉಂಡ ತಟ್ಟೆ ಎತ್ತದವನು!" ತಂಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಬಾಗಿಲು ತೆಗೆದಿದ್ದು ಆ ಅಜ್ಜಿ ಒಬ್ಬಳೇ ಅಲ್ವೇನಕ್ಕ?"

ಒಳಗಿನಿಂದ ನರ್ಸ್ ಕರೆದಳು. ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು.

"ನಿನಗೆ ಹೇಳಬೇಡ ಅಂದಿದ್ದ ಕಣೇ," ಎಂದು ಒಳಗೆ ಹೋದಳು.