ಕೇಳಿದರೆ ಮಾತ್ರ

...ಬೂಟು ಊಟದ ಮೇಜಿನ ಮೇಲಿಡಬೇಡ ಮಗಳೇ, ನಿಮ್ಮಮ್ಮ ನೋಡಿದ್ರೆ ಇಬ್ಬರಿಗೂ ಮಂಗಳಾರತಿ. ತೆಗಿ. ತೆಗೆಯಲ್ವಾ? ಸರಿ, ಇರಲಿ.

ಗೆದ್ರಲ್ಲಮ್ಮ, ಒಂದೇ ರನ್‌ನಲ್ಲಿ ಫೈನಲ್ ಗೆದ್ರಿ. ಇನ್ನೂ ಯಾಕೆ ಮುಖ ಊದಿಸ್ಕೊಂಡಿದ್ದೀಯ? ನೋಡು, ನಿಮ್ಮ ಫೈನಲ್‌ಗೆ ಹಾಕಿದ್ದ ಅಂಪೈರ್‌ಗೆ ಸೊಂಟ ಹಿಡ್ಕೊಂಡಿತ್ತು, ಸಂಘದೋರು ಕರೆದ್ರು, ಹೋದೆ. ಮುಖಕ್ಕೆ ಜಾಲರಿ ಹಾಕ್ಕೊಂಡ ಮೇಲೆ ನನಗೆ ಹೆಂಡ್ತಿ ಇಲ್ಲ, ಮಗಳಿಲ್ಲ. ಮೂಗಲ್ಲಿ ನಗಬೇಡ.

ಹತ್ತು ವರ್ಷದಿಂದ ಮಕ್ಕಳ ಬೇಸ್‌ಬಾಲ್‌ಗೆ ಅಂಪೈರ್ ನಾನು. ನಾಯಿ ಚೆಂಡು ಕಚ್ಕೊಂಡು ಓಡಿದಾಗ, ರನ್ ಕೊಡ್ಬೇಕೋ ಬೇಡ್ವೋ ಅಂತ ಇಡೀ ಮೈದಾನ ಕಿತ್ತಾಡ್ತಿತ್ತು. ತಣ್ಣಗೆ ತೀರ್ಪು ಕೊಟ್ಟೆ. ನಾಯೀನೂ ಒಪ್ಕೊಳ್ತು.

ಹಾಂ... ಅದಕ್ಕೇ ಬರ್ತಿದ್ದೀನಿ. ಕೊನೇ ಓಟ. ನೀನು ಜಾರ್ಕೊಂಡು ಬಂದೆ. ತುಳಿದ್ರೆ ರನ್ ಸಿಗೋ ಆ ನೆಲದ ಹಲಗೆ ಹತ್ರ ಚೆಂಡು ಹಿಡಿದು ಕೂತಿದ್ದ ಹುಡುಗಿ ನಿನ್ನನ್ನ ಮುಟ್ಟೋಕೆ ಹೋದ್ಲು, ತಪ್ತು. ನಿನ್ನ ಕಾಲೂ ಹಲಗೆ ತಪ್ತು. ನಾಲ್ಕು ಬೆರಳು ಆಚೆ. ನಾನು ನೋಡಿದೆ. ಆ ಹಲಗೆಗೆ ಸುಣ್ಣ ಬಳಿದಿದ್ದೂ ನಾನೇ. ನಿನ್ನ ಬೂಟಲ್ಲಿ ಬರೀ ಕೆಮ್ಮಣ್ಣಿದೆ, ಸುಣ್ಣ ಇಲ್ಲ, ಕಾಣ್ತಿದೆ, ತಿರುಗಿಸಿ ತೋರಿಸೋದು ಬೇಡ.

ಆದ್ರೆ ನಿಯಮ ಅಂತ ಇದೆ ಕಣೇ. ಓಡಿ ಬಂದೋರು ಹಲಗೆ ತುಳೀಲಿಲ್ಲ, ಎದುರಿನೋರೂ ಅವರನ್ನ ಮುಟ್ಲಿಲ್ಲ ಅಂದ್ರೆ ಅಂಪೈರ್ ಕಂಬದ ಹಾಗೆ ನಿಲ್ಬೇಕು. ಔಟ್ ಅನ್ನಬಾರದು, ಸೇಫೂ ಅನ್ನಬಾರದು. ಎದುರಿನೋರು ಕೇಳಿದ್ರೆ ಮಾತ್ರ ಔಟ್. ಕೇಳದಿದ್ರೆ ರನ್ ನಿಮ್ಮದು. ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಇದರಲ್ಲಿ ಮೋಸ ಎಲ್ಲಿ ಬಂತು?

...ಯಾಕೆ ಹಾಗೆ ನೋಡ್ತೀಯ? ಆ ಹುಡುಗೀನಾ? ಹೌದು, ಬಾಯಿ ತೆರೆದಿದ್ಲು. ಆಮೇಲೆ ನನ್ನ ಕಡೆ ನೋಡಿ ಸುಮ್ಮನಾದ್ಲು. ಯಾಕೋ... ನನಗೇನು ಗೊತ್ತು? ಧೂಳಿತ್ತು, ಗಲಾಟೆ ಇತ್ತು...

ಏನಾದ್ರೂ ಮಾತಾಡು. ಬೈಯೋದಾದ್ರೆ ಬೈ.

ಒಳ್ಳೇ ಕಂಬದ ಹಾಗೆ ಕೂತ್ಬಿಟ್ಯಲ್ಲ.

...ಚಾಚಿದೆ ಕಣೇ. ಎರಡೂ ಕೈ ಚಾಚ್ಬಿಟ್ಟೆ, ಸೇಫ್ ಅಂತ. ನೀನು ಮಣ್ಣಲ್ಲಿ ಬಿದ್ಕೊಂಡು ನನ್ನನ್ನೇ ನೋಡ್ತಿದ್ದೆ... ಕೈ ಹೋಗೇಬಿಡ್ತು. ಅಂಪೈರೇ ಸೇಫ್ ಅಂದ ಮೇಲೆ ಆ ಮಗು ಇನ್ನೇನು ಕೇಳ್ತಾಳೆ? ನಾಚಿಕೆ ಆಗ್ತಿದೆ ಕಣೇ ನನಗೆ.

ಸಂಘದ ಕಾರ್ಯದರ್ಶಿ ಮನೆ ಎರಡೇ ಬೀದಿ ಆಚೆ. ಕಪ್ ಎಲ್ಲಿಟ್ಟಿದ್ದೀಯ?

...ಓ. ಆಗಲೇ ಚೀಲಕ್ಕೆ ಹಾಕಿಟ್ಟಿದ್ದೀಯ.

ಸರಿ, ನಡಿ. ಚೀಲ ನಾನು ಹಿಡ್ಕೊಳ್ತೀನಿ.